ಅಂಗಳಕ್ಕೆ ಹಾವಸೆ ಕಟ್ಟುವ ಮೊದಲು

ಹೋದ ತಿಂಗಳು ಮಲೆನಾಡಿನ ಅಜ್ಜಿಯೊಬ್ಬರು ನನ್ನನ್ನು ಸರಿಯಾಗಿ ಸಿಕ್ಕಿಸಿ ಹಾಕಿದರು. ಇನ್‌ಲ್ಯಾಂಡ್ ಲೆಟರಿನ ಕಾಲ ಮುಗಿಯಿತು ಅಂದುಕೊಂಡಿದ್ದವನಿಗೆ ಅಂಚಿನವರೆಗೂ ತುಂಬಿ ಬರೆದ ಇನ್‌ಲ್ಯಾಂಡೇ ಬಂತು. ‘ಕೆಮ್ಮು ನೆಗಡಿಗೆಲ್ಲ ಆಂಟಿಬಯಾಟಿಕ್ ಕೊಡಬೇಡಿ, ಕೊಟ್ಟವರನ್ನು ಯಾಕೆ ಅಂತ ಕೇಳಿ ಎಂದು ನೀವು ಈ ಅಂಕಣದಲ್ಲಿ ಐದು ಸಲ ಬರೆದಿದ್ದೀರಿ, ನಾನು ಎಣಿಸಿದ್ದೇನೆ. ಈಗ ಇಂಗ್ಲೆಂಡಿನಲ್ಲಿರುವ ನನ್ನ ಮೊಮ್ಮಗನಿಗೆ ಕೆಮ್ಮೂ ಇಲ್ಲ, ಜ್ವರವೂ ಇಲ್ಲ. ಮನೆ ತುಂಬ ಓಡಾಡಿಕೊಂಡಿದ್ದಾನೆ. ಆದರೂ ಮೂರು ತಿಂಗಳು ಆಂಟಿಬಯಾಟಿಕ್ ಅಂತೆ. ಎರಡು ಹೊತ್ತು ಬಾಯಿಗೆ, ಎರಡು ಹೊತ್ತು ಹೊಗೆ ಬಿಡುವ ಯಂತ್ರದಲ್ಲಿ. ನೀವು ಹೇಳಿದ್ದು ಸುಳ್ಳೋ, ಅಲ್ಲಿನವರು ಹೇಳಿದ್ದು ಸುಳ್ಳೋ?’

ಕೊನೆಯಲ್ಲಿ, ಜಾಗ ಸಾಲದೆ ಅಡ್ಡಡ್ಡಲಾಗಿ, ಕಾಯಿಲೆಯ ಹೆಸರು: ‘ಸಿಸ್ಟಿಕ್ ಅಂತ ಏನೋ’.

ಇಬ್ಬರದೂ ಸುಳ್ಳಲ್ಲ ಅಜ್ಜಿ. ಆದರೆ ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಮಾತೂ ಅಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನಗೆ ಆಗಾಗ ಬರುತ್ತಲೇ ಇರುತ್ತದೆ. ಹೆಚ್ಚಾಗಿ ಹೊರದೇಶದಲ್ಲಿ ಮಗು ಹುಟ್ಟಿದ ಮನೆಗಳಿಂದ. ಈಚೆಗೆ ನಮ್ಮ ಊರುಗಳಿಂದಲೂ.

ಸಿಸ್ಟಿಕ್ ಫೈಬ್ರೋಸಿಸ್‌ಗೆ ಕನ್ನಡದಲ್ಲಿ ಹೆಸರಿಲ್ಲ. ಮಾಡಿಕೊಂಡರೂ ಪ್ರಯೋಜನವಿಲ್ಲ, ಏಕೆಂದರೆ ಇಂಗ್ಲಿಷಿನ ಹೆಸರೇ ದಾರಿ ತಪ್ಪಿಸುವಂಥದ್ದು. ನ್ಯೂಯಾರ್ಕಿನಲ್ಲಿ ಡೊರೊತಿ ಆಂಡರ್ಸನ್ ಎಂಬ ವೈದ್ಯೆ ಸತ್ತ ಮಕ್ಕಳ ಶವಪರೀಕ್ಷೆ ಮಾಡುತ್ತ, ಮೇದೋಜೀರಕ ಗ್ರಂಥಿಯಲ್ಲಿ ಗುಳ್ಳೆಗಳೂ ನಾರುಗಟ್ಟಿದ ಗಾಯದ ಕಲೆಗಳೂ ಇರುವುದನ್ನು ಗಮನಿಸಿ 1938ರಲ್ಲಿ ಬರೆದರು. ಹೆಸರು ಅಲ್ಲಿಂದ ಬಂತು. ಆದರೆ ಬದುಕುಳಿದ ಮಕ್ಕಳನ್ನು ಮುಂದೆ ಕೊಲ್ಲುವುದು ಹೊಟ್ಟೆಯಲ್ಲ, ಶ್ವಾಸಕೋಶ. ಮನೆಯವರೂ ನಾವೂ ಚುಟುಕಾಗಿ ಸಿ.ಎಫ್. ಎನ್ನುತ್ತೇವೆ. ಇಲ್ಲೂ ಹಾಗೇ ಇರಲಿ.

ನಮ್ಮ ಮೈಯ ಕೆಲವು ಕೋಶಗಳಿಗೆ ಉಪ್ಪಿನ ಅಂಶವನ್ನು ಒಳಹೊರಗೆ ಬಿಡುವ ಸಣ್ಣ ಬಾಗಿಲುಗಳಿವೆ. ಆ ಬಾಗಿಲನ್ನು ಕಟ್ಟುವ ಜೀನ್ ಯಾವುದೆಂದು 1989ರಲ್ಲಿ ಗೊತ್ತಾಯಿತು. ತಾಯಿಯಿಂದ ಬಂದ ಪ್ರತಿಯೂ ತಂದೆಯಿಂದ ಬಂದ ಪ್ರತಿಯೂ ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದೇ ಕೆಟ್ಟಿದ್ದರೆ ಏನೂ ಆಗುವುದಿಲ್ಲ, ಅಂಥವರು ಗೊತ್ತೇ ಇಲ್ಲದೆ ಸುಖವಾಗಿ ತಲೆಮಾರುಗಟ್ಟಲೆ ಬಾಳುತ್ತಾರೆ. ‘ನಮ್ಮ ಕಡೆ ಯಾರಿಗೂ ಇಲ್ಲ, ಸೊಸೆ ಕಡೆಯಿಂದ ಬಂದಿರಬೇಕು’ ಎಂದು ಯಾರಾದರೂ ಅಂದರೆ ಅಲ್ಲೇ ತಡೆಯಿರಿ. ಎರಡೂ ಕಡೆಯಿಂದ ಬರದೆ ಇದು ಬರುವುದೇ ಇಲ್ಲ. ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಮದುವೆಯಾಗುವ ನಮ್ಮಲ್ಲಿ ಇಂಥ ಎರಡು ಕೆಟ್ಟ ಪ್ರತಿಗಳು ಒಂದೇ ಮಗುವಿನಲ್ಲಿ ಕೂಡುವ ಸಂಭವ ಇನ್ನಷ್ಟು.

ಬಾಗಿಲು ಕೆಟ್ಟರೆ ಬೆವರಿನ ಉಪ್ಪು ಮೈಗೆ ವಾಪಸು ಬರುವುದಿಲ್ಲ, ಚರ್ಮದ ಮೇಲೇ ಉಳಿಯುತ್ತದೆ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಸೆಕೆಗೆ ಕುಸಿದುಬಿದ್ದ ಮಕ್ಕಳಲ್ಲಿ ಸಿ.ಎಫ್. ಇದ್ದವರು ಯಾಕೆ ಇಷ್ಟು ಜನ ಎಂದು ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯ ತಲೆ ಕೆಡಿಸಿಕೊಂಡದ್ದರಿಂದಲೇ ಇಂದಿನ ಬೆವರಿನ ಪರೀಕ್ಷೆ ಹುಟ್ಟಿದ್ದು. ಶ್ವಾಸನಾಳದಲ್ಲಿ ಅದೇ ಬಾಗಿಲು ಕೆಟ್ಟಾಗ ನೀರು ಮೇಲ್ಮೈಗೆ ಬರುವುದಿಲ್ಲ. ಅಂಬಲಿಯ ಹಾಗೆ ಹರಿಯಬೇಕಾದ ಕಫ ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತದೆ. ಉಸಿರಿನೊಂದಿಗೆ ಒಳಹೋದ ಧೂಳು, ರೋಗಾಣುಗಳನ್ನು ನಮ್ಮ ನಿಮ್ಮ ಶ್ವಾಸನಾಳ ಗಳಿಗೆಗಳಿಗೆಗೂ ಗುಡಿಸಿ ಹೊರಹಾಕುತ್ತಲೇ ಇರುತ್ತದೆ. ಈ ಮಕ್ಕಳಲ್ಲಿ ಪೊರಕೆ ಇದೆ, ಕಸ ಮಾತ್ರ ನೆಲಕ್ಕೆ ಅಂಟಿಕೊಂಡಿದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಓದು ಮುಗಿದು ಇನ್ನೂ ಹೊಸದಾಗಿ ವಾರ್ಡು ಸುತ್ತುತ್ತಿದ್ದ ಕಾಲ. ನಾಲ್ಕು ವರ್ಷದ ಹುಡುಗನನ್ನು ಒಬ್ಬ ತಾಯಿ ಕರೆತಂದಳು. ಕೂಸಾಗಿದ್ದಾಗಿನಿಂದ ಕೆಮ್ಮು. ಅಷ್ಟರಲ್ಲೇ ಎರಡು ಕಡೆ ‘ಪ್ರೈಮರಿ ಕಾಂಪ್ಲೆಕ್ಸ್’ ಅಂತ ಹೇಳಿ ಟಿ.ಬಿ. ಮಾತ್ರೆ ಕೊಟ್ಟಾಗಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಮಗು ಚೆನ್ನಾಗಿ ತಿನ್ನುತ್ತದೆ, ಆದರೆ ತಿಂದದ್ದೆಲ್ಲ ಎಣ್ಣೆ ಎಣ್ಣೆಯಾಗಿ ಹೋಗುತ್ತದೆ ಎಂದಳು. ಅವನ ಮುಖ ಒರೆಸಿದ ನೀಲಿ ಟವೆಲನ್ನು ಬಿಡಿಸಿ ತೋರಿಸುತ್ತ, ‘ಒಣಗಿದ ಮೇಲೆ ಬೆಳ್ಳಗೆ ಪುಡಿ ಪುಡಿ ಆಗ್ತದೆ ಸಾರ್, ಎಷ್ಟು ಒಗೆದರೂ ಅಷ್ಟೇ’ ಅಂದಳು. ನಾನು ಟವೆಲ್ ನೋಡಿದೆ. ಕೇಸ್ ಶೀಟಿನಲ್ಲಿ ‘ಬಾಲ ಆಸ್ತಮಾ’ ಎಂದು ಬರೆದೆ.

ಮರುದಿನ ನಮ್ಮ ಹಿರಿಯರು ಆ ಹುಡುಗನ ಕೈಬೆರಳ ತುದಿಗಳನ್ನು ಹಿಡಿದು ಸುಮ್ಮನೆ ನೋಡುತ್ತ ನಿಂತರು. ತುದಿಗಳು ಡೋಲಿನ ಕೋಲಿನ ತುದಿಯಂತೆ ಉಬ್ಬಿದ್ದವು. ಆಸ್ತಮಾದಲ್ಲಿ ಹಾಗಾಗುವುದಿಲ್ಲ. ಬೆವರಿನ ಕ್ಲೋರೈಡ್ ನೋಡಿಸಿ ಎಂದರು. 60 ಮುಟ್ಟಿದರೆ ಸಿ.ಎಫ್. ಎನ್ನುವ ಪರೀಕ್ಷೆಯಲ್ಲಿ ಅವನದು 100ರ ಮೇಲೆ ಬಂತು. ಆ ತಾಯಿ ಪರೀಕ್ಷೆಯ ಉತ್ತರವನ್ನು ಹಿಂದಿನ ದಿನವೇ ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದಳು.

ಕಫದ ಕಲ್ಚರ್ ಬಂದ ದಿನ ಲ್ಯಾಬಿನವರು ನನ್ನನ್ನು ಕರೆದು ಗಾಜಿನ ತಟ್ಟೆಯ ಮುಚ್ಚಳ ತುಸುವೇ ಎತ್ತಿದರು. ಮೊದಲು ಮೂಗಿಗೆ ಬಂದದ್ದು ಹಣ್ಣಾದ ದ್ರಾಕ್ಷಿಯ ವಾಸನೆ. ಆಮೇಲೆ ಬಣ್ಣ: ಹುಳಿ ಹಾಕಿ ತಿಕ್ಕದೆ ಬಿಟ್ಟ ತಾಮ್ರದ ಚೊಂಬಿಗೆ ಬರುತ್ತದಲ್ಲ, ಆ ಕಿಲುಬಿನ ಹಸಿರು. ಸ್ಯೂಡೋಮೊನಾಸ್ ಏರುಜಿನೋಸ. ಏರುಜಿನೋಸ ಎಂದರೆ ಕಿಲುಬು ಹಿಡಿದದ್ದು ಎಂದೇ ಅರ್ಥ. ಕಾರ್ಲ್ ಗೆಸ್ಸಾರ್ ಎಂಬ ಫ್ರೆಂಚ್ ಔಷಧತಜ್ಞ 1882ರಲ್ಲಿ, ಗಾಯಕ್ಕೆ ಕಟ್ಟಿದ ಬಟ್ಟೆ ಯಾಕೆ ನೀಲಿ ಹಸಿರಾಗುತ್ತದೆ ಎಂದು ಹುಡುಕುತ್ತ ಇದನ್ನು ಬೇರ್ಪಡಿಸಿದ. ಆದರೆ ನಮ್ಮ ತಟ್ಟೆಯಲ್ಲಿ ಇನ್ನೊಂದು ಸಂಗತಿಯಿತ್ತು. ರೋಗಾಣುಗಳ ಗುಂಪುಗಳು ಚುಕ್ಕಿ ಚುಕ್ಕಿಯಾಗಿ ಬಿಡಿಯಾಗಿರಲಿಲ್ಲ. ಲೋಳೆಸರದ ತಿರುಳು ಚೆಲ್ಲಿದಂತೆ ಒಂದರೊಳಗೊಂದು ಹರಿದುಕೊಂಡಿದ್ದವು. ಲ್ಯಾಬಿನವರು ಮುಚ್ಚಳ ಮುಚ್ಚಿ, ‘ಇದು ಮನೆ ಕಟ್ಟಿಕೊಂಡು ಬಹಳ ದಿನವಾಗಿದೆ ಡಾಕ್ಟ್ರೇ’ ಎಂದರು.

ಆ ಹುಡುಗ ಹನ್ನೊಂದು ತುಂಬುವ ಮೊದಲು ಹೋದ. ನಡುವೆ ಎಷ್ಟು ಸಲ ಸೂಜಿ ಚುಚ್ಚಿ, ಎಷ್ಟು ಬಗೆಯ ಔಷಧ ಹಾಕಿದೆವೋ. ಪ್ರತಿ ಸಲವೂ ಸ್ವಲ್ಪ ಚೇತರಿಸಿಕೊಳ್ಳುತ್ತಿದ್ದ, ಪ್ರತಿ ಸಲವೂ ಕಲ್ಚರಿನಲ್ಲಿ ಅದೇ ಹಸಿರು.

ಅಜ್ಜಿ, ಮಲೆನಾಡಿನವರಾದ ನಿಮಗೆ ಈ ಲೋಳೆಯ ಕತೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಮುಂಗಾರು ಹಿಡಿದು ವಾರವಾಗುತ್ತಿದ್ದಂತೆ ಅಂಗಳದ ಕಲ್ಲಿನ ಮೇಲೆ ತೆಳ್ಳಗೆ ಹಸಿರು ಕಾಣುತ್ತದೆ. ಆಗ ಕಡ್ಡಿಹಿಡಿಯಲ್ಲಿ ನಾಲ್ಕು ಸಲ ಎಳೆದರೆ ಹೋಗುತ್ತದೆ. ಜಾರುವಷ್ಟು ದಪ್ಪವಾಗಲಿ, ಯಾರಾದರೂ ಬೀಳಲಿ, ಆಮೇಲೆ ನೋಡೋಣ ಎಂದು ಬಿಟ್ಟರೆ ಹಾವಸೆ ಕಲ್ಲಿಗೇ ಬೇರು ಬಿಟ್ಟಂತೆ ಕೂರುತ್ತದೆ. ಸುಣ್ಣ ಹಾಕಿ, ಹಾರೆಯಲ್ಲಿ ಹೆರೆದರೂ ಮುಂದಿನ ಮಳೆಗೆ ಮತ್ತೆ ಹಾಜರು.

ಸ್ಯೂಡೋಮೊನಾಸ್ ಮಾಡುವುದೂ ಇದನ್ನೇ. ಅದು ಅಪರೂಪದ ಭಯಂಕರ ಜೀವಿಯೇನಲ್ಲ. ಬಚ್ಚಲ ತೂಬಿನಲ್ಲಿ, ಸಿಂಕಿನ ಕೊಳವೆಯಲ್ಲಿ, ಒದ್ದೆ ಮಣ್ಣಿನಲ್ಲಿ ಎಲ್ಲೆಲ್ಲೂ ಇದೆ. ನಾವು ದಿನವೂ ಉಸಿರಾಡಿ ಗುಡಿಸಿ ಹಾಕುತ್ತೇವೆ. ಸಿ.ಎಫ್. ಮಗುವಿನ ಶ್ವಾಸನಾಳಕ್ಕೆ ಮೊದಲ ಸಲ ಬಂದಾಗ ಅದು ಹೊರಗಿನಿಂದ ಬಂದ ಬಡಪಾಯಿ. ಸಂಖ್ಯೆ ಕಡಿಮೆ, ಮೈಮೇಲೆ ಕವಚವಿಲ್ಲ, ಸಾಧಾರಣ ಔಷಧಕ್ಕೂ ಸಾಯುತ್ತದೆ. ಮಗುವಿಗೂ ಆಗ ಏನೂ ಆಗಿರುವುದಿಲ್ಲ. ಬಿಟ್ಟರೆ ಅಲ್ಲಿಯೇ ಪಳಗುತ್ತದೆ. ಆಲ್ಜಿನೇಟ್ ಎಂಬ ಲೋಳೆಯನ್ನು ಸ್ರವಿಸಿ ಅದರೊಳಗೆ ಕುಟುಂಬ ಸಮೇತ ಕೂತುಕೊಳ್ಳುತ್ತದೆ. ಈ ಲೋಳೆಮನೆಗೆ ನಾವು ಬಯೋಫಿಲ್ಮ್ ಎನ್ನುತ್ತೇವೆ. ಬಿಡಿಯಾಗಿ ತೇಲುವಾಗ ಸಾಯಿಸುತ್ತಿದ್ದ ಔಷಧದ ನೂರಾರು ಪಟ್ಟು ಹಾಕಿದರೂ ಒಳಗಿನವು ಬದುಕುತ್ತವೆ. ಮೈಯ ಬಿಳಿ ರಕ್ತಕಣಗಳು ಮುತ್ತಿಗೆ ಹಾಕುತ್ತವೆ, ಲೋಳೆಯನ್ನು ಭೇದಿಸಲಾರದೆ ಅಲ್ಲೇ ಸತ್ತು, ತಮ್ಮಲ್ಲಿದ್ದ ಕಿಣ್ವಗಳನ್ನು ಚೆಲ್ಲುತ್ತವೆ. ಆ ಕಿಣ್ವ ಸುಡುವುದು ರೋಗಾಣುವನ್ನಲ್ಲ, ಮಗುವಿನ ಶ್ವಾಸನಾಳದ ಗೋಡೆಯನ್ನು.

ಇನ್ನು ‘ಕೆಮ್ಮೇ ಇಲ್ಲವಲ್ಲ’ ಎಂಬ ನಿಮ್ಮ ಮಾತು. ನಾನೂ ಬಹಳ ಕಾಲ ಅದನ್ನೇ ನಂಬಿದ್ದೆ. ಆಸ್ಟ್ರೇಲಿಯಾದ ಪರ್ತ್ ಮತ್ತು ಮೆಲ್ಬರ್ನ್‌ನ ವೈದ್ಯರು ಹುಟ್ಟಿದಾಗಲೇ ಸಿ.ಎಫ್. ಎಂದು ಪತ್ತೆಯಾದ ಕೂಸುಗಳನ್ನು ಮೂರು ತಿಂಗಳ ವಯಸ್ಸಿನಿಂದ ಬೆನ್ನುಹತ್ತಿ, ಶ್ವಾಸಕೋಶವನ್ನು ಸ್ವಲ್ಪ ನೀರಿನಲ್ಲಿ ತೊಳೆದು ನೋಡಿದರು, ಸ್ಕ್ಯಾನ್ ಮಾಡಿದರು. 2013ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ನನ್ನನ್ನು ಕುಕ್ಕಿದ ಸಂಗತಿ ಇದು: ಮೂರು ತಿಂಗಳ ಕೂಸಿನ ಶ್ವಾಸಕೋಶದಲ್ಲೇ ಆ ಸುಡುವ ಕಿಣ್ವ ಸಿಕ್ಕಿದ್ದರೆ, ಮೂರು ವರ್ಷಕ್ಕೆ ಶ್ವಾಸನಾಳ ಶಾಶ್ವತವಾಗಿ ಹಿಗ್ಗಿ ಹಾಳಾಗುವ ಸಂಭವ ಹೆಚ್ಚಿತ್ತು. ಅಂದರೆ ಅಮ್ಮಂದಿರು ತೊಟ್ಟಿಲು ತೂಗುತ್ತ ‘ಎಷ್ಟು ಚೆನ್ನಾಗಿದ್ದಾನೆ’ ಎನ್ನುವ ಹೊತ್ತಿಗೆ ಒಳಗೆ ಕೆಲಸ ಶುರುವಾಗಿರಬಹುದು. ಈ ಕಾಯಿಲೆಯಲ್ಲಿ ಕೆಮ್ಮು ಮುನ್ಸೂಚನೆಯಲ್ಲ. ಬಹಳ ಸಲ ತಡವಾಗಿ ತಲುಪಿದ ಕಾಗದ.

ಹಾಗಾದರೆ ಕಾಯದೆ ಹೊಡೆಯಬೇಕು ಎಂದು ಯಾರಿಗೆ ಹೊಳೆಯಿತು? ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೇಮ್ಸ್ ಲಿಟಲ್‌ವುಡ್ ಮತ್ತು ಸಂಗಡಿಗರು 1985ರಲ್ಲೇ, ಸ್ಯೂಡೋಮೊನಾಸ್ ಹೊಸದಾಗಿ ಕಂಡ ಮಕ್ಕಳಿಗೆ ಕೊಲಿಸ್ಟಿನ್ ಎಂಬ ಔಷಧವನ್ನು ಆವಿಯಾಗಿ ಕೊಟ್ಟು ಫಲ ಕಂಡದ್ದನ್ನು ಬರೆದಿದ್ದರು. ಆದರೆ ಇದನ್ನು ಹಟ ಹಿಡಿದು ಪದ್ಧತಿಯನ್ನಾಗಿ ಮಾಡಿದ್ದು ಡೆನ್ಮಾರ್ಕಿನವರು. ಕೋಪನ್‌ಹೇಗನ್ನಿನ ರಿಗ್ಸ್‌ಹಾಸ್ಪಿಟಲೆಟ್ ಎಂಬ ದೊಡ್ಡಾಸ್ಪತ್ರೆಗೆ ಸಿ.ಎಫ್. ಮಕ್ಕಳು ಮೈ ಸರಿಯಿರಲಿ ಬಿಡಲಿ ತಿಂಗಳಿಗೊಮ್ಮೆ ಬರಬೇಕು, ಬಂದಾಗಲೆಲ್ಲ ಕಫ ಕೊಡಬೇಕು. ಜ್ವರ ಬಂದಾಗ ಬನ್ನಿ ಎಂಬ ನಮ್ಮ ಓ.ಪಿ.ಡಿ. ಶೈಲಿ ಅಲ್ಲಿಲ್ಲ. ಹೀಗೆ ಪ್ರತಿ ತಿಂಗಳೂ ಕಣ್ಣಿಟ್ಟಿದ್ದರಿಂದಲೇ ರೋಗಾಣು ಬಂದ ದಿನವನ್ನೂ ಮನೆ ಕಟ್ಟಿದ ದಿನವನ್ನೂ ಬೇರೆ ಬೇರೆಯಾಗಿ ಗುರುತಿಸಲು ಅವರಿಗೆ ಆಯಿತು. ನಡುವೆ ಒಂದು ಸಂದು ಇದೆ, ಕೆಲವು ತಿಂಗಳಿನದು. ಅಲ್ಲೇ ಕೈ ಹಾಕಿದರೆ?

ವಲೇರಿಯಸ್, ಕೋಕ್, ಹಾಯ್ಬಿ ಎಂಬ ಮೂವರ ಹೆಸರಿನಲ್ಲಿ 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಪ್ರಯೋಗ ಗಾತ್ರದಲ್ಲಿ ಪುಟ್ಟದು. ಕೇವಲ 26 ಜನ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 14 ಮಂದಿಗೆ ಕಫದಲ್ಲಿ ಸ್ಯೂಡೋಮೊನಾಸ್ ಕಂಡಾಗಲೆಲ್ಲ ಮೂರು ವಾರ ಬಾಯಿಗೆ ಸಿಪ್ರೊಫ್ಲಾಕ್ಸಾಸಿನ್, ಉಸಿರಿಗೆ ಕೊಲಿಸ್ಟಿನ್ ಕೊಟ್ಟರು. 12 ಮಂದಿಗೆ ಕೊಡಲಿಲ್ಲ. 27 ತಿಂಗಳಾದ ಮೇಲೆ ನೋಡಿದರೆ ಔಷಧ ಕೊಟ್ಟವರಲ್ಲಿ 2 ಮಂದಿಗೆ ಸೋಂಕು ಕಾಯಂ ಆಗಿತ್ತು, ಕೊಡದವರಲ್ಲಿ 7 ಮಂದಿಗೆ. ಶೇಕಡಾ 14 ಒಂದು ಕಡೆ, 58 ಇನ್ನೊಂದು ಕಡೆ. ಕೆಲವು ಪ್ರಯೋಗಗಳನ್ನು ಓದಿದಾಗ ಇನ್ನೊಮ್ಮೆ ಇಂಥದ್ದೇ ಮಾಡಿ ನೋಡೋಣ ಅನ್ನಿಸುತ್ತದೆ. ಇದನ್ನು ಓದಿದಾಗ, ಔಷಧ ಕೊಡದ ಗುಂಪಿನಲ್ಲಿ ನನ್ನ ಮಗುವಿದ್ದಿದ್ದರೆ ಅನ್ನಿಸುತ್ತದೆ. ಆಮೇಲೆ ಬಂದ ದೊಡ್ಡ ಪ್ರಯೋಗಗಳು ‘ಕೊಡಬೇಕೋ ಬೇಡವೋ’ ಎಂಬುದಕ್ಕಿಂತ ‘ಯಾವುದನ್ನು, ಎಷ್ಟು ದಿನ’ ಎಂಬುದರ ಸುತ್ತಲೇ ನಡೆದದ್ದು ಅದಕ್ಕೇ ಇರಬೇಕು.

ಅದೇ ಆಸ್ಪತ್ರೆಯವರು 1980ರ ದಶಕದ ಮೊದಲಲ್ಲಿ ಮಾಡಿದ ಇನ್ನೊಂದು ಕೆಲಸ ನನ್ನನ್ನು ಬಹಳ ಕಾಡುತ್ತದೆ. ಸೋಂಕು ಕಾಯಂ ಆದ ಮಕ್ಕಳನ್ನೂ ಆಗದವರನ್ನೂ ಬೇರೆ ಬೇರೆ ದಿನ ಬರಹೇಳಿದರು, ಒಬ್ಬರಿಂದ ಒಬ್ಬರಿಗೆ ಅಂಟದಿರಲಿ ಎಂದು. ಈಗ ಅದು ಎಲ್ಲ ಕಡೆಯ ನಿಯಮ. ಇಬ್ಬರು ಸಿ.ಎಫ್. ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವಂತಿಲ್ಲ. ಜಗತ್ತಿನಲ್ಲಿ ತನ್ನ ಕಷ್ಟ ಅರ್ಥವಾಗುವ ಇನ್ನೊಂದು ಮಗುವಿನ ಹೆಗಲ ಮೇಲೆ ಕೈ ಹಾಕಲು ಬಿಡದ ಕಾಯಿಲೆ ಇದು.

ಸರಿ, ನನ್ನ ಐದು ಅಂಕಣಗಳ ಮಾನ ಕಾಪಾಡಿಕೊಳ್ಳುವ ಹೊತ್ತು ಬಂತು. ಬೇಗ ಕೊಟ್ಟರೆ ಒಳ್ಳೆಯದು ಅಂದ ಮೇಲೆ, ಹುಟ್ಟಿದ ದಿನದಿಂದಲೇ ಕೊಡುತ್ತಿದ್ದರೆ ಇನ್ನೂ ಒಳ್ಳೆಯದಲ್ಲವೇ? ಅಮೆರಿಕದಲ್ಲಿ ಇದನ್ನೂ ಮಾಡಿ ನೋಡಿದರು. ಎರಡು ವರ್ಷದೊಳಗಿನ ಮಕ್ಕಳಿಗೆ ಸೆಫಲೆಕ್ಸಿನ್ ಅನ್ನು ವರ್ಷಗಟ್ಟಲೆ ದಿನವೂ ಕೊಟ್ಟರು. ಗುರಿ ಸ್ಟ್ಯಾಫಿಲೋಕಾಕಸ್ ಎಂಬ ಇನ್ನೊಂದು ರೋಗಾಣು. ಅದು ಕಡಿಮೆಯಾಯಿತು, ನಿಜ. ಖಾಲಿಯಾದ ಜಾಗಕ್ಕೆ ಸ್ಯೂಡೋಮೊನಾಸ್ ಹೆಚ್ಚಾಗಿ ಬಂತು. ಮಕ್ಕಳ ಆರೋಗ್ಯದಲ್ಲಿ ಲಾಭವೇನೂ ಕಾಣಲಿಲ್ಲ. ಬ್ರಿಟನ್ನಿನವರು ಆದರೂ ಪುಟ್ಟ ಮಕ್ಕಳಿಗೆ ಫ್ಲುಕ್ಲಾಕ್ಸಾಸಿಲಿನ್ ಎಂಬ ಬೇರೆ ಔಷಧವನ್ನು ಮುಂಜಾಗ್ರತೆಗೆಂದು ಕೊಡುವ ರೂಢಿ ಇಟ್ಟುಕೊಂಡಿದ್ದಾರೆ, ಅಮೆರಿಕದವರು ಬೇಡ ಎನ್ನುತ್ತಾರೆ. ಆ ಜಗಳ ಹಾಗಿರಲಿ. ನನಗೆ ಇದರಲ್ಲಿ ಕಾಣುವುದು ಇಷ್ಟು: ಹೆಸರು ಗೊತ್ತಿಲ್ಲದ ಶತ್ರುವಿನ ಮೇಲೆ ಅಂದಾಜಿನಲ್ಲಿ ಔಷಧ ಸುರಿಯುವುದು ಬೇರೆ. ಕಲ್ಚರಿನಲ್ಲಿ ಕಂಡ, ಹೆಸರು ಗೊತ್ತಿರುವ, ಇನ್ನೂ ಬೇರು ಬಿಡದ ಒಂದನ್ನು ಲೆಕ್ಕ ಹಾಕಿದ ದಿನಗಳ ಮಟ್ಟಿಗೆ ಹೊಡೆಯುವುದು ಬೇರೆ. ನೆಗಡಿಗೆ ಆಂಟಿಬಯಾಟಿಕ್ ಬರೆಯುವವನು ಏನನ್ನೂ ನೋಡದೆ ಬರೆಯುತ್ತಾನೆ. ನಿಮ್ಮ ಮೊಮ್ಮಗನ ವೈದ್ಯೆ ನೋಡಿದ್ದಕ್ಕೇ ಬರೆದಿದ್ದಾಳೆ. ಈಗ ಮೂರು ತಿಂಗಳು ಕೊಟ್ಟರೆ ಮುಂದೆ ಜೀವಮಾನವಿಡೀ ಕೊಡುವುದು ಮುಂದಕ್ಕೆ ಹೋಗುತ್ತದೆ. ಸೋಂಕು ಕಾಯಂ ಆದ ಡೇನಿಷ್ ಮಕ್ಕಳು 1976ರಿಂದ ಮೂರು ತಿಂಗಳಿಗೊಮ್ಮೆ ಎರಡು ವಾರ ರಕ್ತನಾಳಕ್ಕೆ ಔಷಧ ಹಾಕಿಸಿಕೊಳ್ಳುತ್ತಿದ್ದರು. ಅದರ ಪಕ್ಕ ಇಟ್ಟು ನೋಡಿ.

ಎಷ್ಟು ದಿನ ಎಂಬುದರಲ್ಲಿ ಎಲ್ಲ ದೇಶಗಳೂ ಒಂದೇ ಮಾತು ಆಡುವುದಿಲ್ಲ. ಟೋಬ್ರಾಮೈಸಿನ್ ಎಂಬ ಔಷಧವನ್ನು ಆವಿಯಾಗಿ 28 ದಿನ ಕೊಟ್ಟರೂ 56 ದಿನ ಕೊಟ್ಟರೂ ಫಲ ಹೆಚ್ಚುಕಡಿಮೆ ಒಂದೇ ಎಂದು 2010ರಲ್ಲಿ ತಿಳಿದ ಮೇಲೆ ಅಮೆರಿಕದವರು 28ಕ್ಕೆ ನಿಂತರು. ಬ್ರಿಟನ್ನಿನದು ಮೂರು ತಿಂಗಳ ದಾರಿ. ಅಲ್ಲಿ ಇನ್ನೊಂದು ದೊಡ್ಡ ವಾದವಿತ್ತು: ಮೊದಲ ಸಲ ಸ್ಯೂಡೋಮೊನಾಸ್ ಕಂಡಾಗ ಆಸ್ಪತ್ರೆಗೆ ಸೇರಿಸಿ ಎರಡು ವಾರ ರಕ್ತನಾಳಕ್ಕೆ ಕೊಡುವುದು ವಾಸಿಯೋ, ಮನೆಯಲ್ಲೇ ಮೂರು ತಿಂಗಳು ಬಾಯಿಗೆ ಕೊಡುವುದೋ? ಎರಡೂ ಗುಂಪಿಗೆ ಜೊತೆಯಲ್ಲಿ ಕೊಲಿಸ್ಟಿನ್ ಆವಿ ಹೇಗೂ ಇತ್ತು. ಬ್ರಿಟನ್, ಇಟಲಿಯ 286 ಜನರ ಮೇಲೆ ನಡೆದ ಈ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಮೂರು ತಿಂಗಳಿಗೆ ರೋಗಾಣು ಹೋಗಿ, 15 ತಿಂಗಳವರೆಗೂ ಮತ್ತೆ ಬರದವರು ರಕ್ತನಾಳದ ಗುಂಪಿನಲ್ಲಿ ಶೇಕಡಾ 44, ಬಾಯಿಯ ಗುಂಪಿನಲ್ಲಿ ಶೇಕಡಾ 52. ಸೂಜಿಯಲ್ಲಿ ಕೊಟ್ಟರೇ ಔಷಧ ‘ಹಿಡಿಯುತ್ತದೆ’ ಎಂಬ ನಮ್ಮ ನಂಬಿಕೆಗೆ ಇದನ್ನು ಚೌಕಟ್ಟು ಹಾಕಿಸಿ ತೂಗುಹಾಕಬೇಕು.

ಆದರೆ ಅದೇ ಅಂಕಿಯನ್ನು ಮಗುಚಿ ನೋಡಿದರೆ ಇನ್ನೊಂದು ಸತ್ಯವಿದೆ. ಯಾವ ದಾರಿ ಹಿಡಿದರೂ ಸುಮಾರು ಅರ್ಧದಷ್ಟು ಮಕ್ಕಳಿಗೆ ರೋಗಾಣು ಹೋಗಲಿಲ್ಲ, ಇಲ್ಲವೇ ಮತ್ತೆ ಬಂತು. ಆದ್ದರಿಂದ ಮೂರು ತಿಂಗಳು ಮುಗಿದ ಮೇಲೆ ಮತ್ತೆ ಗಂಟಲ ಹಿಂದೆ ಹತ್ತಿಯ ಕಡ್ಡಿ ಆಡಿಸುತ್ತಾರೆ. ಪುಟ್ಟ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ. ಹಾಗಾಗಿ ಕೆಮ್ಮಿಸಿ ಕಡ್ಡಿಯಲ್ಲಿ ತೆಗೆಯುವುದು. ಅದರಲ್ಲಿ ಮತ್ತೆ ಸಿಕ್ಕಿತು ಅಂದರೆ ‘ಔಷಧ ಕೆಲಸ ಮಾಡಲಿಲ್ಲ’ ಎಂದು ಎದೆ ಬಡಿದುಕೊಳ್ಳಬೇಡಿ. ಮತ್ತೆ ಹಸಿರು ಕಂಡಿತು, ಮತ್ತೆ ಕಡ್ಡಿಹಿಡಿ, ಅಷ್ಟೇ.

ನಮ್ಮ ಊರಿನ ಮಾತಿಗೆ ಬರುತ್ತೇನೆ. ಭಾರತದವರಿಗೆ ಸಿ.ಎಫ್. ಬರುವುದೇ ಇಲ್ಲ, ಅದು ಬಿಳಿಯರ ಕಾಯಿಲೆ ಎಂದು ನಾವು ಓದುವಾಗಲೂ ಹೇಳುತ್ತಿದ್ದರು. 1968ರಲ್ಲೇ ಇಲ್ಲಿನ ಮಗುವಿನ ವರದಿ ಪ್ರಕಟವಾಗಿತ್ತು ಎಂಬುದು ನನಗೆ ಗೊತ್ತಾಗುವಷ್ಟರಲ್ಲಿ ನಾನು ಟವೆಲ್ ನೋಡಿ ಬಾಲ ಆಸ್ತಮಾ ಬರೆದಾಗಿತ್ತು. ದೆಹಲಿಯ ಏಮ್ಸ್‌ನಲ್ಲಿ ಡಾ. ಎಸ್.ಕೆ. ಕಾಬ್ರಾ ಮತ್ತು ಸಂಗಡಿಗರು ದುಬಾರಿ ವಿದೇಶಿ ಯಂತ್ರವನ್ನು ಕಾಯದೆ ಬೆವರು ಸಂಗ್ರಹಿಸಿ ಅಳೆಯುವ ಅಗ್ಗದ ವಿಧಾನವೊಂದನ್ನು ತಾವೇ ರೂಪಿಸಿ 2002ರಲ್ಲಿ ಬರೆದ ಮೇಲೆ ಹುಡುಕುವ ಕೆಲಸ ಸ್ವಲ್ಪ ಸಲೀಸಾಯಿತು. ಹುಡುಕಿದವರಿಗೆ ಮಕ್ಕಳು ಸಿಗುತ್ತಿದ್ದಾರೆ.

ಕೊರತೆ ಎಲ್ಲಿ ಎಂದು ಕೇಳಿದರೆ, ಔಷಧದಲ್ಲಿ ಅಲ್ಲ ಎಂದೇ ನನ್ನ ಉತ್ತರ. ಸಿಪ್ರೊಫ್ಲಾಕ್ಸಾಸಿನ್ ನಮ್ಮ ಹೋಬಳಿ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಚೀಟಿ ಇಲ್ಲದೆಯೂ ಸಿಗುತ್ತದೆ ಎಂಬುದು ನನ್ನ ಹಳೆಯ ಸಂಕಟ. ಕೊಲಿಸ್ಟಿನ್ ಅಂತೂ, ಬೇರೆ ಯಾವ ಔಷಧಕ್ಕೂ ಬಗ್ಗದ ಸೋಂಕಿಗೆಂದು ಐ.ಸಿ.ಯು.ಗಳಲ್ಲಿ ಕಡೆಯ ಅಸ್ತ್ರವಾಗಿ ಇಟ್ಟುಕೊಂಡಿರುವಂಥದ್ದು. ಅದನ್ನು ನಾವು ಕೋಳಿಗಳು ಬೇಗ ಮೈ ತುಂಬಲೆಂದು ಮೇವಿನಲ್ಲಿ ಬೆರೆಸುತ್ತಿದ್ದೆವು. ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದ್ದು 2019ರಲ್ಲಿ. ಕೋಳಿಗೆ ಸಿಕ್ಕಿದ್ದು ಸಿ.ಎಫ್. ಮಗುವಿಗೆ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಕಾರಣ, ಮಗುವಿಗೆ ಸಿ.ಎಫ್. ಇದೆ ಎಂದೇ ಗೊತ್ತಿರಲಿಲ್ಲ. ಬ್ರಿಟನ್ನಿನಲ್ಲಿ 2007ರಿಂದ ಪ್ರತಿ ಕೂಸಿಗೂ ಐದನೆಯ ದಿನ ಹಿಮ್ಮಡಿಗೆ ಚುಚ್ಚಿ ಒಂದೆರಡು ತೊಟ್ಟು ರಕ್ತ ತೆಗೆದು ನೋಡುತ್ತಾರೆ. ನಿಮ್ಮ ಮೊಮ್ಮಗನ ಕಾಯಿಲೆ ಕೆಮ್ಮು ಬರುವ ಮೊದಲೇ ಪತ್ತೆಯಾದದ್ದು ಆ ಚುಚ್ಚಿನಿಂದ. ನಮ್ಮಲ್ಲಿ ಪತ್ತೆಯಾಗುವ ಹೊತ್ತಿಗೆ ಎಷ್ಟೋ ಮಕ್ಕಳ ಅಂಗಳದಲ್ಲಿ ಹಾವಸೆ ಮೂರು ಮಳೆಗಾಲ ಕಂಡಿರುತ್ತದೆ. ಎಲ್ಲ ಕೂಸುಗಳನ್ನೂ ಪರೀಕ್ಷಿಸುವಷ್ಟು ನಮ್ಮಲ್ಲಿ ಈ ಕಾಯಿಲೆ ಇದೆಯೇ ಎಂದು ಲೆಕ್ಕದವರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆಯೇ. ಅಲ್ಲಿಯವರೆಗೆ ಕನಿಷ್ಠ, ಎರಡನೇ ಸಲ ನ್ಯುಮೋನಿಯಾ ಆದ, ತಿಂದರೂ ತೂಕ ಹತ್ತದ, ಜಿಡ್ಡು ಮಲದ ಮಗುವಿಗೆ ಮತ್ತೊಂದು ಸುತ್ತು ಟಿ.ಬಿ. ಮಾತ್ರೆ ಬರೆಯುವ ಮುಂಚೆ ಬೆವರನ್ನೊಮ್ಮೆ ನೋಡಬಹುದಲ್ಲ.

ಕೆಟ್ಟ ಬಾಗಿಲನ್ನೇ ದುರಸ್ತಿ ಮಾಡುವ ಹೊಸ ಮಾತ್ರೆಗಳು ಬಂದಿವೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಔಷಧಗಳ ಮಿಶ್ರಣ ಅನೇಕರ ಬದುಕನ್ನೇ ತಿರುಗಿಸಿದೆ. ಅದರ ಘೋಷಿತ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರಿನ ಮೇಲೆ. ಭಾರತೀಯ ಮಕ್ಕಳ ಜೀನಿನ ದೋಷಗಳು ಬಹಳ ಸಲ ಬೇರೆ ಬಗೆಯವಾದ್ದರಿಂದ ಎಲ್ಲರಿಗೂ ಅದು ನಾಟುವುದೂ ಇಲ್ಲ. ನಿಮ್ಮ ಮೊಮ್ಮಗನಿಗೆ ಸಲ್ಲುತ್ತದೆಯೇ ಎಂಬುದನ್ನು ಅವನ ಜೀನಿನ ವರದಿ ನೋಡಿ ಅಲ್ಲಿನವರೇ ಹೇಳಬೇಕು. ಹೇಗಿದ್ದರೂ ಅಷ್ಟು ದಿನ ಶ್ವಾಸಕೋಶವನ್ನು ಕಾಯ್ದುಕೊಂಡಿರಬೇಕಲ್ಲ.

ನಾನು ಇಷ್ಟನ್ನೂ ಚಿಕ್ಕದು ಮಾಡಿ ಕಾಗದ ಬರೆದೆ. ಆ ಹೊಗೆ ಬಿಡುವ ಯಂತ್ರವನ್ನು, ಅಂದರೆ ನೆಬ್ಯುಲೈಸರನ್ನು, ತೊಳೆದು ಒದ್ದೆಯಲ್ಲೇ ಡಬ್ಬಿಗೆ ಹಾಕದಿರಲು ಮಗಳಿಗೆ ಹೇಳಿ, ಆ ಒದ್ದೆಯಲ್ಲೇ ಸ್ಯೂಡೋಮೊನಾಸ್ ಬೆಳೆಯುತ್ತದೆ, ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದ ಹಾಗೆ ಎಂದೂ ಸೇರಿಸಿದೆ. ಬೇಸಿಗೆಯಲ್ಲಿ ಊರಿಗೆ ಬಂದರೆ ಈ ಮಗುವಿಗೆ ಉಪ್ಪು ಕಡಿಮೆ ಮಾಡಬಾರದು, ಹೆಚ್ಚೇ ಬೇಕು, ಎಷ್ಟೆಂದು ಅಲ್ಲಿನ ವೈದ್ಯರನ್ನು ಕೇಳಿಕೊಂಡು ಬರಲಿ ಎಂದೂ ಬರೆದೆ.

ಎರಡು ವಾರಕ್ಕೆ ಇನ್ನೊಂದು ಇನ್‌ಲ್ಯಾಂಡ್. ಈ ಸಲ ಜಗಳವಿಲ್ಲ. ಮಗಳ ಬಾಣಂತನಕ್ಕೆ ಹೋಗಿದ್ದಾಗ ಮಾಡಿಕೊಂಡ ಪಾಸ್‌ಪೋರ್ಟ್ ಇನ್ನೂ ಇದೆಯಂತೆ, ಮೊಮ್ಮಗನ ಜೊತೆ ಎರಡು ತಿಂಗಳು ಇದ್ದು ಬರುತ್ತಾರಂತೆ. ಬಾಯಿಗೆ ಹಾಕುವ ಔಷಧ ಕಹಿ ಎಂದು ಅವನು ಉಗುಳುತ್ತಾನೆ, ಹಾಲಿನಲ್ಲಿ ಬೆರೆಸಿ ಕುಡಿಸಿದರೆ ಆಗುತ್ತದೆಯೇ ಎಂದು ಕೇಳಿದ್ದಾರೆ.

ಆಗುವುದಿಲ್ಲ ಅಜ್ಜಿ. ಹಾಲು ಮೊಸರಿನ ಸುಣ್ಣದ ಅಂಶ ಸಿಪ್ರೊಫ್ಲಾಕ್ಸಾಸಿನ್ ಅನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡುಬಿಡುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಔಷಧಕ್ಕೂ ಹಾಲಿಗೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಬೆಳಿಗ್ಗೆ ಔಷಧ ಮೊದಲು, ಹಾಲು ಆಮೇಲೆ. ರಾತ್ರಿ ಮೊಸರನ್ನ ತಿನ್ನಿಸುವ ಅಭ್ಯಾಸವಿದ್ದರೆ ಆ ಮೂರು ತಿಂಗಳು ಅದನ್ನು ಮಧ್ಯಾಹ್ನಕ್ಕೆ ಮಾಡಿಕೊಳ್ಳಿ.